ಮಾವನ ಸ್ಪ್ಯಾನರ್, ನನ್ನ ಹೊಸ ವಾಷಿಂಗ್ ಮೆಷಿನ್

ಯಂತ್ರಗಳ ವಿಷಯದಲ್ಲಿ ನನ್ನ ಕೈಗುಣ ಬಹಳ ದೊಡ್ಡದು! ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ. ನಮ್ಮ ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ ಎಲ್ಲವೂ ಒಂದೊಂದು ಸಲ ನನ್ನ ಕೈಯಲ್ಲಿ ಬಿಚ್ಚಿಸಿಕೊಂಡು ಪುನರ್ಜನ್ಮ ಪಡೆದಂಥವು. ಹಾಗಾಗಿ ಹೊಸ ವಾಷಿಂಗ್ ಮೆಷಿನ್ ಮನೆಗೆ ಬಂದ ಬೆಳಿಗ್ಗೆ, ಅದನ್ನು ಜೋಡಿಸುವವರು ನಾಳೆ ಬರುತ್ತಾರೆಂದು ತಿಳಿದಾಗ ನಾನು ಎದೆಯುಬ್ಬಿಸಿ ಘೋಷಣೆ ಹೊರಡಿಸಿದೆ.

"ಯಾರೂ ಬರಬೇಕಾಗಿಲ್ಲ. ನಾನಿದ್ದೀನಿ!"

"ನನಗೆ ಭಯ ಇರೋದೇ ಅದಕ್ಕೆ" ಎಂದಳು ಹೆಂಡತಿ.

ಅವಳು ಆಸ್ಪತ್ರೆಯಲ್ಲಿ ನರ್ಸ್. ಅಂದು ಮಧ್ಯಾಹ್ನ ಹೆಡ್ ನರ್ಸ್ ಆಗಿ ಅವಳ ಮೊದಲ ಪಾಳಿ. ಅದಕ್ಕೆಂದೇ ಹೊಲಿಸಿದ ಹೊಸ ಯೂನಿಫಾರ್ಮಿಗೆ ಟೈಲರ್ ಅಂಗಡಿಯಲ್ಲೇ ಎಣ್ಣೆಯ ಕಲೆ ಬಿದ್ದಿತ್ತು.

"ಹಳೇ ಮೆಷಿನ್ನಿಗೆ ಹಾಕ್ಬಿಡ್ತೀನಿ ಕಣ್ರೀ."

"ಛೆ! ಹೆಡ್ ನರ್ಸ್ ಯೂನಿಫಾರ್ಮಿಂದಲೇ ಹೊಸದರ ಉದ್ಘಾಟನೆ. ಪಳಪಳ ಹೊಳೆಯೋ ಹಾಗೆ ಒಗೆದರೆ ಹಳೇದು ಗುಜರಿಗೆ. ಒಗೀದಿದ್ರೆ ಹಳೇದು ಇಲ್ಲೇ ಇರಲಿ, ನಾನು ತುಟಿ ಪಿಟಕ್ ಅನ್ನಲ್ಲ!"

ಈ ಮಾತು ಪಡಸಾಲೆಯಲ್ಲಿದ್ದ ಮಾವನ ಕಿವಿಗೆ ಬಿತ್ತು. ನಮ್ಮ ಜೊತೆಗೇ ಇರುವ ಮಾವ ವಾಷಿಂಗ್ ಮೆಷಿನ್ ಕಾರ್ಖಾನೆಯಲ್ಲಿ ಇಡೀ ಜೀವನ ಬೋಲ್ಟ್ ಬಿಗಿದವರು. ಹಳೇ ಮೆಷಿನ್ ಅವರೇ ಕೈಯಾರೆ ಜೋಡಿಸಿದ್ದು. ಅದನ್ನು ಗುಜರಿಗೆ ಹಾಕುವುದೂ ಅವರನ್ನೇ ಗುಜರಿಗೆ ಹಾಕುವುದೂ ಅವರಿಗೆ ಒಂದೇ. ಸ್ಪ್ಯಾನರ್ ಹಿಡಿದುಕೊಂಡೇ ಬಚ್ಚಲುಮನೆಗೆ ತನಿಖೆಗೆ ಬಂದರು.

"ನೋಡಿ ಅಳಿಯಂದ್ರೇ, ನಮ್ಮ ಕಾಲದಲ್ಲಿ ತಗಡು ಅಂದ್ರೆ ತಗಡು! ತಟ್ಟಿದ್ರೆ ಗಂಟೆ ಹೊಡೆದ ಹಾಗಾಗೋದು. ಇದರ ಒಳಗಿನ ತೊಟ್ಟಿ ಪ್ಲಾಸ್ಟಿಕ್ಕು. ಅದನ್ನೂ ಬಿಚ್ಚೋಕಾಗದ ಹಾಗೆ ಅಂಟಿಸಿಬಿಟ್ಟಿದ್ದಾರೆ. ಒಂದು ಬೇರಿಂಗ್ ಹೋದ್ರೆ ತೊಟ್ಟಿನೇ ಬಿಸಾಕಬೇಕು!"

"ಆದ್ರೆ ಮಾವ, ಇದನ್ನ ಫೋನಿಂದಲೇ ಓಡಿಸಬಹುದು. ಒಗೆದಾದ ಮೇಲೆ ಹಾಡು ಬೇರೆ ಹಾಡುತ್ತೆ."

"ಬಟ್ಟೆ ಒಗೆಯೋಕೆ ಬಾರದವರೇ ಹಾಡೋದು!"

ಹೀಗೆ ಅನ್ನುತ್ತಲೇ ಅವರು ಮೆಷಿನ್ನಿನ ಬೆನ್ನಿಗೆ ಹೋದರು. ಅಲ್ಲಿಂದ ಒಂದು ವಿಜಯದ ಕೂಗು ಬಂತು.

"ಬನ್ನಿ ಇಲ್ಲಿ! ನಾಲ್ಕು ದೊಡ್ಡ ಬೋಲ್ಟು, ನಾಲ್ಕೂ ಸಡಿಲ! ಈಗಿನವರಿಗೆ ಬೋಲ್ಟ್ ಬಿಗಿಯೋಕೂ ಬರಲ್ಲ!"

ಬಗ್ಗಿ ನೋಡಿದೆ. ಹೌದು, ಸಡಿಲವಾಗಿಯೇ ಇದ್ದವು! ಮದುವೆಯಾದಾಗಿನಿಂದ ಮಾವನಿಗೂ ನನಗೂ ಯಾವ ವಿಷಯದಲ್ಲೂ ಒಮ್ಮತವಾಗಿರಲಿಲ್ಲ. ಅಂದು ಆಯಿತು. ಅವರು ಸ್ಪ್ಯಾನರ್ ಹಾಕಿದರು, ನಾನು ಅವರ ಕೈ ಮೇಲೆ ಕೈಯಿಟ್ಟು ಒತ್ತಿದೆ. ಬೋಲ್ಟುಗಳು ಕಿರ್ ಎಂದವು. ನನಗೆ ನಿಜಕ್ಕೂ ಖುಷಿಯಾಯಿತು.

ಯೂನಿಫಾರ್ಮ್ ಒಳಗೆ ಹೋಯಿತು, ಬಾಗಿಲು ಟಕ್ಕೆಂದು ಬೀಗ ಹಾಕಿಕೊಂಡಿತು. ಮೊದಲಿಗೆ ಎಲ್ಲ ಸೊಗಸು. ನೀರು ಬಂತು, ನೊರೆ ಬಂತು, ನಾನು ಮೀಸೆ ತಿರುವಿದೆ. ಆಮೇಲೆ ನೀರು ಹಿಂಡಲು ಮೆಷಿನ್ ಗಿರಗಿರ ತಿರುಗತೊಡಗಿತು ನೋಡಿ, ಭೂಕಂಪ! ಬಕೆಟ್ಟು ಉರುಳಿತು, ಕನ್ನಡಿ ನಡುಗಿತು, ಮೆಷಿನ್ ಹೊಸ ಬೂಟು ಹಾಕಿಕೊಂಡವರ ಹಾಗೆ ದಡದಡ ನಡೆಯತೊಡಗಿತು!

"ಹಿಡೀರಿ ಅಳಿಯಂದ್ರೇ!"

"ಹಿಡಿದರೆ ನಿಲ್ಲಲ್ಲ ಮಾವ, ಮೇಲೆ ಕೂರೋಣ!"

ಇಬ್ಬರೂ ಹತ್ತಿ ಕೂತೆವು. ಮೆಷಿನ್ ನಮ್ಮಿಬ್ಬರನ್ನೂ ಹೊತ್ತುಕೊಂಡು, ಅಂಬಾರಿಯ ಗಾಂಭೀರ್ಯದಲ್ಲಿ ಬಚ್ಚಲನ್ನು ದಾಟಿ ಬಾಗಿಲಿಗೆ ಒರಗಿ ನಿಂತಿತು. ನಿಂತಿತು ಎಂದೆನೇ? ನಡಿಗೆ ನಿಂತಿತು, ನಡುಕ ನಿಲ್ಲಲಿಲ್ಲ. ನಮ್ಮ ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಒಳಗೆ ನಾನು, ಮಾವ, ಮೆಷಿನ್, ಅದರ ಹೊಟ್ಟೆಯಲ್ಲಿ ಯೂನಿಫಾರ್ಮ್. ಹೊರಗೆ ಹೆಡ್ ನರ್ಸ್.

"ರೀ! ಏನಾಗ್ತಿದೆ ಒಳಗೆ? ನನಗೆ ಹೊತ್ತಾಯ್ತು!"

"ಏ-ಏ-ಏನಿಲ್ಲ ಕಣೇ! ಮೇ-ಮೇಜಿನ ಮೇಲೆ ನನ್ನ ಫೋನಿದೆ. ಅ-ಅದರಲ್ಲಿ ನಿಲ್ಲಿಸು!"

"ಪಾಸ್‌ವರ್ಡ್ ಕೇಳ್ತಿದೆ!"

ನಾನು ಮುಖ ಆಚೆ ತಿರುಗಿಸಿದೆ. ಮಾವ ಗದರಿದರು. "ಹೇ-ಹೇಳ್ರೀ!"

"ನಾ-ನಾನೇ ಮೆಕ್ಯಾನಿಕ್!" ಎಂದು ಕೂಗಿದೆ.

ಹೊರಗೆ ಹೊಟ್ಟೆ ಹಿಡಿದುಕೊಂಡು ನಗುವ ಸದ್ದು. "ಅಯ್ಯೋ, ಅದನ್ನ ಟೈಪ್ ಮಾಡೋಕೆ ನನ್ನ ಕೈ ಬರ್ತಿಲ್ಲ ಕಣ್ರೀ!" ಎನ್ನುತ್ತಾ ಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿದಳು.

ಭೂಮಿ ಶಾಂತವಾಯಿತು. ಬಾಗಿಲಿನ ಕೆಳಗಿನಿಂದ ಒಂದು ಕೆಂಪು ಕಾಗದ ಸರಿದು ಬಂತು. ಮೆಷಿನ್ ಬಂದ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತಂತೆ. "ಸಾಗಣೆಯಲ್ಲಿ ತೊಟ್ಟಿ ಅಲುಗದಿರಲು ನಾಲ್ಕು ಬೋಲ್ಟ್ ಹಾಕಿದೆ. ಓಡಿಸುವ ಮೊದಲು ಕಡ್ಡಾಯವಾಗಿ ತೆಗೆಯಿರಿ."

ತೆಗೆಯಬೇಕಾದದ್ದನ್ನು ನಾವು ಇನ್ನಷ್ಟು ಬಿಗಿದಿದ್ದೆವು! ಮಾವ ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ. ಮೆಷಿನ್ನನ್ನು ಹಿಂದಕ್ಕೆ ತಳ್ಳಿ, ಬೆವರು ಸುರಿಸಿ ಬೋಲ್ಟುಗಳನ್ನು ಬಿಚ್ಚಿದೆವು. ಮತ್ತೆ ಓಡಿಸಿದಾಗ ಅದು ಬೆಣ್ಣೆಯಂತೆ ತಿರುಗಿತು. ಮಾವ ಕಿವಿಯಿಟ್ಟು ಕೇಳಿದರು.

"ಶಬ್ದಾನೇ ಇಲ್ಲ. ಕೆಲಸ ಮಾಡ್ತಿದೆ ಅಂತ ನಂಬೋದು ಹೇಗೆ?"

ಯೂನಿಫಾರ್ಮ್ ಹೊರಬಂತು. ಕಲೆ ಮಾಯ! ಆದರೆ ಇನ್ನೂ ಒದ್ದೆ. ಹೆಂಡತಿ ಇಸ್ತ್ರಿ ಪೆಟ್ಟಿಗೆ ಒತ್ತಿ ಒತ್ತಿ ಅದನ್ನು ಒಣಗಿಸತೊಡಗಿದಳು. ಮಾವ ಕೊನೆಯ ಅಸ್ತ್ರ ಬಿಟ್ಟರು.

"ಏನೇ ಹೇಳು ಮಗಳೇ, ನಮ್ಮ ಮೆಷಿನ್ನಿಗೆ ಇಷ್ಟು ವರ್ಷದಲ್ಲಿ ಒಂದು ರಿಪೇರಿ ಬಂದಿಲ್ಲ."

"ಅಪ್ಪಾ, ನೀನು ಪಾಳಿಗೆ ಹೋದಾಗೆಲ್ಲ ಅಮ್ಮ ಮೆಕ್ಯಾನಿಕ್‌ನ ಕರೆಸ್ತಿದ್ದಳು. ಎರಡು ಸಲ ಮೋಟಾರು, ಒಂದು ಸಲ ಟೈಮರು. ಅವಳು ಚಿಕ್ಕಮ್ಮನ ಮನೆಯಿಂದ ವಾಪಸ್ ಬರಲಿ, ಕೇಳಿನೋಡು. ನೀನು ಬೇಜಾರು ಮಾಡ್ಕೋತೀಯ ಅಂತ ಹೇಳಿರಲಿಲ್ಲ."

ಮಾವ ಕುರ್ಚಿಯಲ್ಲಿ ಕುಸಿದರು. ನಾನು ಬಿದ್ದು ಬಿದ್ದು ನಕ್ಕೆ.

"ಹೋಗ್ಲಿ ಬಿಡಿ ಮಾವ! ಈಗ ಅವಳನ್ನ ಕಾಪಾಡ್ತಿರೋದು ಯಾವುದು ನೋಡಿ. ನಾನು ರಿಪೇರಿ ಮಾಡಿದ ಇಸ್ತ್ರಿ ಪೆಟ್ಟಿಗೆ!"

ಹೆಂಡತಿ ಯೂನಿಫಾರ್ಮ್ ಕೊಡವಿ, ನನ್ನನ್ನು ಪ್ರೀತಿಯಿಂದಲೇ ನೋಡಿದಳು.

"ನೀವು ರಿಪೇರಿ ಮಾಡಿದ್ದು ಅಟ್ಟದ ಮೇಲಿದೆ ಕಣ್ರೀ. ಇದು ಅದೇ ಬಣ್ಣದ ಇನ್ನೊಂದು."