ದುಬಾಯಿಯಲ್ಲಿ ನಾನು ಕಾಣದ ಒಂಟೆ

ವಿದೇಶಕ್ಕೆ ಹೋಗಿ ಬಂದವರ ಮಾತಿನಲ್ಲಿ ಒಂದು ಗತ್ತು ಇರುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ನೀವು ಹೇಳಿದರೂ ಅವರು ‘ನಾವು ಅಲ್ಲಿದ್ದಾಗ’ ಎಂದು ಶುರುಮಾಡುತ್ತಾರೆ. ಅಂಥವರು ಸಿಕ್ಕಾಗ ನಾನು ತೆಪ್ಪಗೆ ಕೇಳಿಸಿಕೊಳ್ಳುತ್ತೇನೆ. ನಾನೂ ಹೋಗಿ ಬಂದವಳೇ. ಅದೂ ಎಂಬತ್ತರ ದಶಕದಲ್ಲಿ, ನಮ್ಮ ಕಡಬದವರು ಮಂಗಳೂರಿಗೆ ಹೊರಟರೂ ಬೀದಿಯವರೆಲ್ಲ ಕಾರಣ ವಿಚಾರಿಸುತ್ತಿದ್ದ ಕಾಲದಲ್ಲಿ, ವಿಮಾನ ಹತ್ತಿ ದುಬಾಯಿ ನೋಡಿ ಬಂದವಳು. ಆದರೆ ಅಲ್ಲಿ ಏನೇನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ಏಕೆಂದರೆ ನಾನು ಅಲ್ಲಿ ನೋಡಿದ್ದು ಪುತ್ತೂರು, ಸುಳ್ಯ, ಕಡಬದವರನ್ನು.

ನಮ್ಮನ್ನು ಕರೆಸಿಕೊಂಡದ್ದು ಅಲ್ಲಿ ಕೆಲಸದಲ್ಲಿದ್ದ ಅಮ್ಮನ ತಮ್ಮ, ಸಂಜೀವ ಮಾವ. ತನ್ನನ್ನು ಎತ್ತಿ ಆಡಿಸಿದ ಅಕ್ಕ ಒಮ್ಮೆಯಾದರೂ ವಿಮಾನ ಹತ್ತಬೇಕು ಎಂದು ಅವನ ಆಸೆ. ಅಪ್ಪನಿಗೆ ಕಡಬದಲ್ಲಿ ಸಣ್ಣದೊಂದು ಜವಳಿ ಅಂಗಡಿ. ಅದನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಒಂದು ತಿಂಗಳ ಮೊದಲೇ ಪ್ಯಾಂಟು ಹೊಲಿಸಿಕೊಂಡು ಅಪ್ಪ ಸಿದ್ಧರಾದರು. ನಾನು ನಾಲ್ಕನೆಯ ಕ್ಲಾಸು. ದಸರಾ ರಜೆಯ ಜೊತೆಗೆ ಇನ್ನೊಂದು ವಾರ ಬೇಕಾಗಿತ್ತು. ಅಪ್ಪ ಅದನ್ನು ಕೇಳಲು ಕ್ಲಾಸಿನ ಬಾಗಿಲಿಗೇ ಬಂದಾಗ ಹೆಡ್‌ಮಾಷ್ಟ್ರು ಷರತ್ತು ಹಾಕಿದರು.

“ರಜೆ ಕೊಡುವ. ಆದ್ರೆ ಇವಳು ಒಂಟೆ ನೋಡಿ ಬರ್ಬೇಕು. ನಾನು ಪ್ರತಿ ವರ್ಷ ಒಂಟೆಯ ಪಾಠ ಮಾಡುದು, ಒಂಟೆಯನ್ನು ನೋಡಿದ್ದೇ ಇಲ್ಲ. ಬಂದು ಕ್ಲಾಸಿನಲ್ಲಿ ಎಲ್ಲರಿಗೂ ಹೇಳ್ಬೇಕು.”

ಇಡೀ ಕ್ಲಾಸು ನನ್ನ ಕಡೆ ತಿರುಗಿತು. ಅದುವರೆಗೆ ನಾನು ಎರಡನೆಯ ಬೆಂಚಿನ ಮೂಲೆಯಲ್ಲಿ ಕೂರುತ್ತಿದ್ದ, ಯಾರ ಕಣ್ಣಿಗೂ ಬೀಳದ ಹುಡುಗಿ. ಅಂದಿನಿಂದ ಪಕ್ಕದ ಗಿರಿಜ ತನ್ನ ನೆಲ್ಲಿಕಾಯಿಯಲ್ಲಿ ನನಗೂ ಪಾಲು ಕೊಡತೊಡಗಿದಳು. “ಮುಟ್ಟಿಯೂ ನೋಡು ಮಾರಾಯ್ತಿ, ಮೆತ್ತಗೆ ಉಂಟಾ ಎಂತ ಅಂತ” ಎಂದಳು. ನೆಲ್ಲಿಕಾಯಿ ತಿಂದ ಮೇಲೆ ಒಂಟೆಯನ್ನು ಮುಟ್ಟದೆ ಬರುವ ಹಾಗಿರಲಿಲ್ಲ.

ಕೆಟ್ಟದ್ದು ಎಲ್ಲಿ ಎಂದರೆ, ನಾವು ಹೊರಡುವ ಸುದ್ದಿ ಒಂಟೆಗಿಂತ ಮೊದಲು ಹಪ್ಪಳದವರಿಗೆ ತಲುಪಿತು. ದುಬಾಯಿಯಲ್ಲಿ ಮಕ್ಕಳಿದ್ದ ತಾಯಂದಿರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬರತೊಡಗಿದರು. ಬೆಟ್ಟಂಪಾಡಿಯಿಂದ ಮಿಡಿ ಉಪ್ಪಿನಕಾಯಿ ಬಂತು, ಸುಳ್ಯದಿಂದ ಕುಚ್ಚಲಕ್ಕಿ ಬಂತು. ಕೊಲ್ಲಮೊಗ್ರಿನಿಂದ ಎರಡು ಬಸ್ಸು ಬದಲಿಸಿ ಬಂದ ದೇವಕಿಯಕ್ಕ ಹಲಸಿನ ಹಪ್ಪಳದ ಕಟ್ಟನ್ನು ಅಮ್ಮನ ಕೈಯಲ್ಲಿಟ್ಟು, ಬಿಡದೆ ಹಿಡಿದುಕೊಂಡೇ ಹೇಳಿದರು. “ಯಾರ ಕೈಯಲ್ಲಾದ್ರೂ ಕಳಿಸಿಬಿಡ್ಬೇಡಿ. ನೀವೇ ಹೋಗಿ ಕೊಡಿ. ನಮ್ಮ ಚಂದ್ರ ಹೇಗಿದ್ದಾನೆ ಅಂತ ಕಣ್ಣಾರೆ ನೋಡಿ ಬನ್ನಿ. ಕಾಗದದಲ್ಲಿ ಅವ ಸೌಖ್ಯ ಅಂತ ಮಾತ್ರ ಬರೆಯುದು.” ಅಮ್ಮ ಎಲ್ಲರಿಗೂ ಮಾತು ಕೊಟ್ಟರು. ನಮ್ಮ ಕಡೆ ಮಾತು ಕೊಡುವಾಗ ಯಾರೂ ದಿನ ಲೆಕ್ಕ ಹಾಕುವುದಿಲ್ಲ.

ಹೀಗೆ ನಾನು ದುಬಾಯಿ ನೋಡಿದೆ. ದಿನಾ ಸಂಜೆ ಮಾವ ಕೆಲಸದಿಂದ ಬಂದು ಕಾರಿನಲ್ಲಿ ನಮ್ಮನ್ನು ಕೂರಿಸಿಕೊಂಡು ಒಂದು ಕಟ್ಟು, ಒಂದು ವಿಳಾಸ ಹಿಡಿದು ಹೊರಡುವುದು. ಅಲ್ಲಿ ಹೋದರೆ ಕಟ್ಟು ಕೊಟ್ಟು ಎದ್ದು ಬರಲಾಗುತ್ತದೆಯೇ? ನೀರುದೋಸೆ ಆಗಬೇಕು. ಅವರು ನೀರುದೋಸೆ ಮಾಡುತ್ತಿದ್ದಾರೆಂದು ತಿಳಿದ ಪಕ್ಕದ ಕಟ್ಟಡದ ಪುತ್ತೂರಿನವರು ಬಂದು, “ಇಲ್ಲಿಯವರೆಗೆ ಬಂದು ನಮ್ಮ ಮನೆಗೆ ಬಾರದೆ ಹೋಗುದಾ?” ಎಂದು ಮುಖ ಸಣ್ಣ ಮಾಡುತ್ತಿದ್ದರು. ಮರುದಿನ ಅವರ ಮನೆ. ಅಲ್ಲಿಯೂ ನೀರುದೋಸೆ. ಅಪ್ಪ ದಾರಿಯಲ್ಲಿ ಕಾಣುವ ಎತ್ತರದ ಕಟ್ಟಡಗಳನ್ನೆಲ್ಲ ಕತ್ತು ಬಾಗಿಸಿ ನೋಡಿ, “ಇದಕ್ಕೆ ಎಂತ ಕಲ್ಲು ಹಾಕಿದ್ದು? ನಮ್ಮೂರಿನ ಕೆಂಪುಕಲ್ಲು ಅಲ್ವಲ್ಲ?” ಎಂದು ಮಾವನನ್ನು ಕೇಳುತ್ತಿದ್ದರು. ಮಾವನಿಗೆ ಗೊತ್ತಿರಲಿಲ್ಲ. ನನಗೆ ಕಲ್ಲಿನ ಚಿಂತೆ ಇರಲಿಲ್ಲ. “ಮಾವ, ಒಂಟೆ?” ಎಂದರೆ, “ಶುಕ್ರವಾರ ರಜೆ ಉಂಟಲ್ಲ, ಆಗ ಹೋಗುವ ಮಗಾ” ಎನ್ನುತ್ತಿದ್ದ. ಶುಕ್ರವಾರ ಬಂದರೆ ಸುಳ್ಯದವರು ಊಟಕ್ಕೆ ಕರೆದಿರುತ್ತಿದ್ದರು.

ಒಂದು ಸಲ ಮಾತ್ರ ಒಂಟೆ ಬಹಳ ಹತ್ತಿರ ಬಂದಿತ್ತು. ದೂರದ ಮನೆಯೊಂದಕ್ಕೆ ಹೋಗುವಾಗ ಅಪ್ಪ ಮುಂದಿನ ಸೀಟಿನಿಂದ “ಅಗೋ ಒಂಟೆ” ಎಂದರು. ನನ್ನ ಮಡಿಲಲ್ಲಿ ಉಪ್ಪಿನಕಾಯಿಯ ಭರಣಿ. ಅಲುಗಾಡಿದರೆ ರಸ ಚೆಲ್ಲುತ್ತದೆ ಎಂದು ಅಮ್ಮ ಮೊದಲೇ ಎಚ್ಚರಿಸಿದ್ದರು. ಭರಣಿಯನ್ನು ಜೋಪಾನವಾಗಿ ಹಿಡಿದು ನಾನು ಆ ಬದಿಗೆ ತಿರುಗುವಷ್ಟರಲ್ಲಿ ನಡುವೆ ಒಂದು ಲಾರಿ ಬಂದು, ನಮ್ಮ ಜೊತೆಗೇ ಓಡಿತು. ಲಾರಿ ಹೋದ ಮೇಲೆ ಬರೀ ಮರಳು. ನಾನು ಅತ್ತುಬಿಟ್ಟೆ. ಅಮ್ಮ ಭರಣಿಯ ಮುಚ್ಚಳ ಮುಟ್ಟಿ ನೋಡಿದರು.

ಚಂದ್ರನ ಕೋಣೆಗೆ ಹೋದದ್ದು ಕೊನೆಗೆ. ಅಂಥ ಕೋಣೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಂಚದ ಮೇಲೆ ಮಂಚ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಅವನು ಅಮ್ಮನನ್ನು ಕೂರಿಸಿ, ನನ್ನನ್ನು ಮೇಲಿನ ಮಂಚಕ್ಕೆ ಹತ್ತಿಸಿದ. ಹಪ್ಪಳದ ಕಟ್ಟನ್ನು ಬಿಚ್ಚಿ ಮೂಗಿಗೆ ಹಿಡಿದ. ಆಮೇಲೆ ಸ್ಟವ್ ಮೇಲೆ ಒಂದೊಂದೇ ಸುಟ್ಟು ಕೋಣೆಯವರಿಗೆಲ್ಲ ಕೊಟ್ಟ. ತನ್ನ ಪಾಲಿನದನ್ನು ಅರ್ಧ ತಿಂದು, ಅರ್ಧವನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. “ನಾಳೆ ಕೆಲಸದ ಜಾಗದಲ್ಲಿ ತಿನ್ಲಿಕ್ಕೆ” ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದ. ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, “ನೀನು ಬಡವಾಗಿದ್ದಿ ಮಗಾ” ಎಂದರು. “ಅಮ್ಮನ ಹತ್ರ ಹಾಗೆ ಹೇಳ್ಬೇಡಿ ಅಕ್ಕ” ಎಂದ ಅವನು.

ಹೊರಡುವ ದಿನ ಮಾವನಿಗೆ ಒಂಟೆ ನೆನಪಾಯಿತು. ಪಾಪ, ಅವನ ಮುಖ ನನ್ನದಕ್ಕಿಂತ ಸಪ್ಪಗಾಗಿತ್ತು. ಅಂಗಡಿಗೆ ಓಡಿ, ಬಟ್ಟೆಯಿಂದ ಮಾಡಿದ, ಬೆನ್ನ ಮೇಲೆ ಕೆಂಪು ಜೂಲು ಹೊದೆಸಿದ ಒಂದು ಆಟಿಕೆಯ ಒಂಟೆ ತಂದು ನನ್ನ ಕೈಯಲ್ಲಿಟ್ಟ. “ಇದನ್ನೇ ಮಾಷ್ಟ್ರಿಗೆ ತೋರಿಸು” ಎಂದ.

ನಾನು ಅದನ್ನು ಎದೆಗೆ ಅವಚಿಕೊಂಡು ಶಾಲೆಗೆ ಹೋದೆ. ನಿಜವಾದ ಒಂಟೆ ಅಲ್ಲದಿದ್ದರೂ ದುಬಾಯಿಯ ಒಂಟೆಯಲ್ಲವೇ! ಹೆಡ್‌ಮಾಷ್ಟ್ರು ಅದನ್ನು ಮೇಜಿನ ಮೇಲೆ ನಿಲ್ಲಿಸಿದರು. ಕ್ಲಾಸು ಬಾಯಿ ಬಿಟ್ಟುಕೊಂಡು ನೋಡುತ್ತದೆ ಎಂದು ನಾನು ಕಾಯುತ್ತಿದ್ದೆ. ಗಿರಿಜ ಎದ್ದು ಹತ್ತಿರ ಬಂದು, ತಲೆ ಓರೆ ಮಾಡಿ ನೋಡಿದಳು.

“ಒಂಟೆಯ ತುಟಿ ಹೀಗೆ ಇರುದಿಲ್ಲ ಮಾಷ್ಟ್ರೇ. ಜೋತು ಬಿದ್ದಿರ್ತದೆ.”

“ಬಾಲವೂ ಸರಿ ಇಲ್ಲ,” ಎಂದ ಹಿಂದಿನ ಬೆಂಚಿನವನು. “ಮತ್ತೆ, ಇದಕ್ಕೆ ವಾಸನೆಯೇ ಇಲ್ಲ.”

ಆದದ್ದು ಇಷ್ಟು. ನಾನು ಹೆಚ್ಚುವರಿ ರಜೆಯಲ್ಲಿದ್ದ ವಾರ, ಉತ್ತರದ ಕಡೆಯ ಇಬ್ಬರು ಒಂದು ಒಂಟೆಯನ್ನು ಹೊಡೆದುಕೊಂಡು ಊರೂರು ಸುತ್ತುತ್ತ ಕಡಬಕ್ಕೆ ಬಂದಿದ್ದರಂತೆ. ಶಾಲೆಯ ಮೈದಾನದಲ್ಲೇ ಎರಡು ದಿನ ಬೀಡುಬಿಟ್ಟಿದ್ದರಂತೆ. ಮಕ್ಕಳೆಲ್ಲ ಹತ್ತಿ ಕೂತು ಸುತ್ತು ಹೊಡೆದಿದ್ದರು. ಹೆಡ್‌ಮಾಷ್ಟ್ರೂ ಹತ್ತಿದ್ದರು. ಅವರು ನನ್ನ ಕಡೆ ನೋಡಿ ಸ್ವಲ್ಪ ನಾಚಿಕೊಂಡು, “ಅದು ಏಳುವಾಗ ಜಾಗ್ರತೆ ಬೇಕು” ಎಂದರು. ವಿದೇಶದಿಂದ ಬಂದ ನಾನು ಎರಡನೆಯ ಬೆಂಚಿನ ಮೂಲೆಯಲ್ಲಿ ಕೂತು, ಒಂಟೆ ಮೆತ್ತಗೆ ಇರುತ್ತದೆಯೇ ಎಂದು ಗಿರಿಜಳನ್ನು ಕೇಳಿದೆ. ಇಲ್ಲ, ದೊರಗು ಎಂದಳು. ಆ ದಿನ ಅವಳು ನೆಲ್ಲಿಕಾಯಿ ಕೊಡಲಿಲ್ಲ.

ಆ ಭಾನುವಾರ ಅಮ್ಮ ನನ್ನನ್ನೂ ಕರೆದುಕೊಂಡು ಕೊಲ್ಲಮೊಗ್ರಿಗೆ ಹೋದರು. ಚಂದ್ರ ಹೇಗಿದ್ದಾನೆ ಎಂದು ದೇವಕಿಯಕ್ಕ ಕೇಳಿದಾಗ ಅಮ್ಮ, “ಮುಖ ತುಂಬಿಕೊಂಡಿದ್ದಾನೆ” ಎಂದು ಹೇಳಿ ನೀರು ಕುಡಿಯಲು ಚೆಂಬು ಎತ್ತಿದರು. ದೇವಕಿಯಕ್ಕ ನನ್ನ ಕಡೆ ತಿರುಗಿದರು. “ನೀನು ಎಂತ ನೋಡಿದ್ದು ಮಗಾ?” ಊರಿಗೆ ಬಂದ ಮೇಲೆ ಒಂಟೆಯ ಸುದ್ದಿ ತೆಗೆಯದೆ ಹಾಗೆ ಕೇಳಿದವರು ಅವರೊಬ್ಬರೇ. ನಾನು ಹೇಳಿದೆ. ಮಂಚದ ಮೇಲಿನ ಮಂಚ, ಒಂದೇ ಕುರ್ಚಿ, ಸುಟ್ಟ ಹಪ್ಪಳ, ಜೇಬಿನಲ್ಲಿಟ್ಟ ಅರ್ಧ ತುಂಡು. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮುಗಿಸಿದ ಮೇಲೆ, “ಯಾವ ಜೇಬಿನಲ್ಲಿ ಇಟ್ಟದ್ದು?” ಎಂದು ಕೇಳಿದರು. ಎಡಗಡೆಯದ್ದು ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಮ್ಮೆ ಹೇಳು ಎಂದರು. ನನಗೆ ಆಗ ಬಹಳ ಸಂತೋಷವಾಯಿತು, ಯಾಕೆ ಎಂದು ಗೊತ್ತಾಗಲಿಲ್ಲ.

ಇಷ್ಟೆಲ್ಲ ಅನುಭವಿಸಿದವಳು ಬುದ್ಧಿ ಕಲಿತಿರಬೇಕು ಎಂದು ನೀವು ಅಂದುಕೊಂಡರೆ ಅದು ನಿಮ್ಮ ದೊಡ್ಡತನ. ಹೋದ ವರ್ಷ ಸಂಜೀವ ಮಾವನ ಮಗಳು ದುಬಾಯಿಯಿಂದ ತನ್ನ ಮಗನನ್ನು ಕರೆದುಕೊಂಡು ಬಂದಿದ್ದಳು. ಸುಬ್ರಹ್ಮಣ್ಯಕ್ಕೆ ಹೋಗಿ ದೇವಸ್ಥಾನದ ಆನೆಯ ಸ್ನಾನ ತೋರಿಸಿ ಸಂಜೆಯೇ ಮಂಗಳೂರು ಸೇರಬೇಕು ಎಂಬ ಅವಸರ ಅವಳದ್ದು. ಕಡಬ ದಾಟಿ ಹೋಗುವವರು ನಮ್ಮ ಮನೆಗೆ ಬಾರದೆ ಹೋಗುವುದೇ? ಫೋನು ಮಾಡಿ ಕರೆಸಿದೆ. ನೀರುದೋಸೆಗೆ ಅಕ್ಕಿ ಮೊದಲೇ ಕಡೆದಿಟ್ಟಿದ್ದೆ. ಇನ್ನೊಂದು, ಇನ್ನೊಂದು ಎಂದು ಬಡಿಸುತ್ತಲೇ ಹೋದೆ. ಅವರು ತಲುಪುವಾಗ ಆನೆ ಮಿಂದು, ಒಣಗಿ, ಒಳಗೆ ಹೋಗಿ ಆಗಿತ್ತಂತೆ.

ಹಿಂದಿರುಗುವಾಗ ಹಪ್ಪಳದ ಕಟ್ಟು ಒಯ್ಯಲು ಮತ್ತೆ ಮನೆಗೆ ಬಂದರು. ಅದೂ ನನ್ನದೇ ಒತ್ತಾಯ. ಹುಡುಗ ಕೆಂಪು ಕಣ್ಣು ಮಾಡಿಕೊಂಡು, “ಅತ್ತೆ, ನಾನು ಶಾಲೆಯಲ್ಲಿ ಆನೆ ನೋಡಿದ್ದನ್ನು ಹೇಳ್ಬೇಕಿತ್ತು” ಎಂದ. ನಾನು ಗಾಜಿನ ಕಪಾಟು ತೆರೆದು, ಇಷ್ಟು ವರ್ಷ ಜೋಪಾನ ಮಾಡಿದ್ದ ಬಟ್ಟೆಯ ಒಂಟೆಯನ್ನು ಅವನ ಕೈಯಲ್ಲಿಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಒಂಟೆಯ ತುಟಿ ಹೀಗೆ ಇರುದಿಲ್ಲ ಅತ್ತೆ.”

“ಗೊತ್ತುಂಟು,” ಎಂದೆ.