ಸರಕಾರಿ ಸೂರ್ಯಾಸ್ತ

ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕಾದವರ ಕಾರು ಎಷ್ಟು ವೇಗವಾಗಿ ಓಡಬೇಕು ಎಂಬುದಕ್ಕೆ ವಾಹನ ಸುಧಾರಣಾ ಕಚೇರಿಯಲ್ಲಿ ನಿಯಮವೇ ಇರಲಿಲ್ಲ. ಈ ಕೊರತೆಯನ್ನು ಧೀರಜನ ಕಾರು ನೀಗಿಸಿತು.

ಧೀರಜನ ಬಟ್ಟೆ ಅಂಗಡಿ ಕೊಲ್ಹಾಪುರದಲ್ಲಿ, ಮನೆ ಇಚಲಕರಂಜಿಯಲ್ಲಿ. ಜೈನರ ಮನೆ, ಕತ್ತಲಾದ ಮೇಲೆ ಊಟವಿಲ್ಲ. ಮಗ ಬಾರದೆ ತಾಯಿ ಜಿನಮತಿ ತುತ್ತು ಎತ್ತುವವಳಲ್ಲ. ಅವನಿಗೆ ತಡವಾದ ದಿನ ಇಬ್ಬರಿಗೂ ಉಪವಾಸ. ತಾಯಿ ಸೊರಗುವುದನ್ನು ನೋಡಲಾರದೆ ಅವನು ತನ್ನ ಸೆಕೆಂಡ್‌ಹ್ಯಾಂಡ್ ಪುಟ್ಟ ಟರ್ಬೊ ಕಾರನ್ನು ಗಡಹಿಂಗ್ಲಜದ ಮೆಕ್ಯಾನಿಕ್ ಅಮೋಲನಿಗೆ ಒಪ್ಪಿಸಿದ. ಅಮೋಲ ಇಂಜಿನ್ನಿನ ಕಂಪ್ಯೂಟರ್ ತಿದ್ದಿದ, ದಪ್ಪ ಸೈಲೆನ್ಸರ್ ಹಾಕಿದ, ಸ್ಪ್ರಿಂಗ್ ಬದಲಿಸಿ ಕಾರಿನ ಹೊಟ್ಟೆಯನ್ನು ನೆಲದ ಹತ್ತಿರಕ್ಕೆ ಇಳಿಸಿದ. ಒಂದು ವಾರ ಜಿನಮತಿ ಹೊಟ್ಟೆ ತುಂಬ ಉಂಡಳು.

ಆಮೇಲೆ ವಾಹನ ಸುಧಾರಣಾ ಕಚೇರಿಯಿಂದ ನೋಟಿಸು ಬಂತು. ಕಚೇರಿಯ ಸಾಹೇಬ ಗುರುಸಿದ್ದ ಕೇಳಿದರು: “ಇಷ್ಟು ವೇಗ ಯಾಕ ಬೇಕ್ರಿ?”

“ಅವ್ವ ಉಪಾಸ ಬೀಳ್ತಾಳ್ರಿ.”

“ಕಾರಣ ಯೋಗ್ಯ ಐತಿ. ಮಂಜೂರ.”

ಮಂಜೂರಾತಿಗೆ ಒಂದೇ ಷರತ್ತು: ಕಾರಿನಲ್ಲಿ ಹೆಚ್ಚಿಸಿದ ವೇಗವನ್ನು ರಸ್ತೆಯಲ್ಲಿ ಅಷ್ಟೇ ಪ್ರಮಾಣದಲ್ಲಿ ತಗ್ಗಿಸತಕ್ಕದ್ದು. ಅದರಂತೆ ಧೀರಜನ ಬೀದಿಯುದ್ದಕ್ಕೂ ಸ್ಪೀಡ್ ಬ್ರೇಕರ್‌ಗಳು ಎದ್ದವು. ಗುತ್ತಿಗೆದಾರ, ಸಾಹೇಬರ ಹೆಂಡತಿಯ ತಮ್ಮ. ಮನೆಯವರ ಕೆಲಸವೆಂದು ಸಿಮೆಂಟಿಗೆ ಜಿಪುಣತನ ಮಾಡಲಿಲ್ಲ. ಕಾರಿನ ಹೊಟ್ಟೆ ಪ್ರತಿ ಉಬ್ಬಿಗೂ ಸಿಕ್ಕಿಬಿತ್ತು. ಪಾಳಿ ಮುಗಿಸಿ ಬರುತ್ತಿದ್ದ ಪವರ್‌ಲೂಮಿನ ಮಾಯಪ್ಪ ಮತ್ತು ಅವನ ಗೆಳೆಯರು ಅದನ್ನು ಎತ್ತಿ ದಾಟಿಸುತ್ತಿದ್ದರು. ಉಬ್ಬಿಗೊಂದು ಚಹಾ ಆಗಲೇಬೇಕಿತ್ತು. ಮನೆ ಮುಟ್ಟುವಷ್ಟರಲ್ಲಿ ಕತ್ತಲು, ಮತ್ತೆ ಉಪವಾಸ.

ಧೀರಜ ಕಚೇರಿಗೆ ಓಡಿದ. “ಸ್ಪ್ರಿಂಗ್ ಮೊದಲಿನಂಗ ಮಾಡಸ್ಲ್ಯಾ ರೀ?”

“ಮಂಜೂರಾದದ್ದು ಬದಲಾಸಾಕ ಬರೂದಿಲ್ಲ.”

“ಬ್ರೇಕರ್ ತಗಸ್ರಿ ಮತ್ತ.”

“ಅವು ಸರಕಾರಿ ಆಸ್ತಿ.” ಗುರುಸಿದ್ದ ಕಿಟಕಿಯಾಚೆ ನೋಡಿದರು. “ಉಳಿದದ್ದು ಹೊತ್ತು ಒಂದ. ಅದು ಯಾರ ಆಸ್ತೀನೂ ಅಲ್ಲ.”

ಮರುದಿನ ರಿಕ್ಷಾದ ಮೇಲಿನ ಮೈಕು ಸಾರಿತು: “ಸಮಸ್ತ ನಾಗರಿಕರ ಗಮನಕ್ಕೆ. ಶ್ರೀ ಧೀರಜ ಇವರ ಕಾರು ಕೊನೆಯ ಉಬ್ಬನ್ನು ದಾಟಿದ ನಂತರವೇ ಈ ವಾರ್ಡಿನಲ್ಲಿ ಸೂರ್ಯಾಸ್ತವಾಗತಕ್ಕದ್ದು. ಅದಕ್ಕೂ ಮುನ್ನ ದೀಪ ಹಚ್ಚಿದವರಿಗೆ ದಂಡ.”

“ನಾ ಮ್ಯಾಲಿನ ಹೊತ್ತು ನೋಡಿ ಉಣ್ಣಾಕಿ,” ಎಂದಳು ಜಿನಮತಿ. ಬುತ್ತಿ ಕಟ್ಟಿಕೊಂಡು ಎಸ್‌ಟಿ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದಳು. ಅಂದಿನಿಂದ ತಾಯಿ ಮಗ ಅಂಗಡಿಯ ಹಿಂದೆ ಬಿಸಿಲಿರುವಾಗಲೇ ಉಣ್ಣುತ್ತಾರೆ. ಅವಳು ಬಸ್ಸಿನಲ್ಲೇ ಮರಳುತ್ತಾಳೆ. ಧೀರಜನಿಗೆ ಎದೆಯ ಮೇಲಿನ ಭಾರ ಇಳಿಯಿತು. ಉಪವಾಸ ತೀರಿತೆಂದು ತಿಳಿಸಲು ಹೋದಾಗ, ತೀರಿದ ಸಮಸ್ಯೆಗಳ ವಿಭಾಗ ಇನ್ನೂ ಆರಂಭವಾಗಿಲ್ಲವೆಂದು ಕಚೇರಿ ವಿಷಾದಿಸಿತು. ಕಾರು ಮಾರುವಂತೆಯೂ ಇರಲಿಲ್ಲ. ಇಡೀ ವಾರ್ಡಿನ ಸಂಜೆ ಅದರ ಮೇಲೆ ನಿಂತಿತ್ತು.

ಮೊನ್ನೆ ಬೀದಿಯಲ್ಲಿ ಗವ್ವೆನ್ನುವ ಕತ್ತಲು. ನೆರೆಮನೆಯ ಹಾಲವ್ವ ಕಟ್ಟೆ ತಡವುತ್ತ ಕೇಳಿದಳು: “ಇವತ್ತ ಹೊತ್ತು ಮುಳುಗಾಕ ಭಾಳ ತಡಾ ಆತಲ್ಲ ರೀ?”

“ಕಾರಿನ ಕ್ಲಚ್ ಹೋಗೇತಿ,” ಎಂದಳು ಜಿನಮತಿ. “ಅಮೋಲ ಗುರುವಾರ ಕೊಡ್ತಾನಂತ.”

“ಹಂಗಾದ್ರ ಗುರುವಾರ ಮುಳುಗತೈತಿ ಬಿಡ್ರಿ,” ಎಂದು ಹಾಲವ್ವ, ಒಣಗಿದ ಬಟ್ಟೆಗಳನ್ನು ಇನ್ನೂ ಹಗಲಿದೆಯೆಂದು ಹಗ್ಗದ ಮೇಲೆಯೇ ಬಿಟ್ಟು, ಗೋಡೆ ಹಿಡಿದು ಒಳಗೆ ಹೋದಳು.