ಅಲೆ ನುಂಗುವ ಕೋಣೆಯಲ್ಲಿ ನನ್ನ ಪತ್ತೇದಾರಿಕೆ

ಸಂಶಯ ಪಡುವುದು ಕೆಟ್ಟ ಗುಣ ಎನ್ನುವವರನ್ನು ಕಂಡರೆ ನನಗೆ ಮೊದಲು ಅವರ ಮೇಲೇ ಸಂಶಯ ಬರುತ್ತದೆ. ನನ್ನದು ಹುಟ್ಟುಗುಣ. ಮಾವನವರು ಶ್ರೀನಿವಾಸಪುರದಿಂದ ಮಾವಿನಹಣ್ಣಿನ ಪೆಟ್ಟಿಗೆ ಕಳಿಸಿದರೆ ಅದನ್ನು ಬುಡಮೇಲು ಮಾಡಿ ಕೆಳಗಿನ ಸಾಲನ್ನೇ ಮೊದಲು ನೋಡುತ್ತೇನೆ. "ನಮ್ಮಪ್ಪ ಮಗಳನ್ನ ಕೊಟ್ಟಾಗ ಇಷ್ಟು ಪರೀಕ್ಷೆ ಮಾಡಿದ್ರಾ?" ಎಂದು ಹೆಂಡತಿ ಕೇಳುತ್ತಾಳೆ. ಆಗ ಅನುಭವ ಸಾಲದಾಗಿತ್ತು ಎಂಬ ಉತ್ತರ ನನ್ನ ಬಳಿ ಇದೆ, ಹೇಳುವ ಧೈರ್ಯವಿಲ್ಲ.

ಇಂಥ ನಾನು ಮಾಲೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ನಾವು ತಯಾರಿಸುವುದು ಮೈಕ್ರೋವೇವ್ ಅಲೆಗಳನ್ನು ಹೀರುವ ಸಾಮಾನು. ಸ್ಪಂಜನ್ನು ಗೋಪುರದ ಹಾಗೆ ಮೊನಚಾಗಿ ಕತ್ತರಿಸಿ, ಇಂಗಾಲದ ಕಪ್ಪು ನೀರಿನಲ್ಲಿ ಅದ್ದಿ ಒಣಗಿಸುತ್ತೇವೆ. ಅದರೊಳಗೆ ನುಗ್ಗಿದ ಅಲೆ ಅಲ್ಲೇ ಬಿಸಿಯಾಗಿ ಕರಗಿಹೋಗುತ್ತದೆ, ವಾಪಸ್ಸು ಬರುವುದಿಲ್ಲ. ರಾಡಾರಿನ ಕಣ್ಣು ತಪ್ಪಿಸುವ ವಿಮಾನಕ್ಕೆ, ಕಾರಿನ ಮೂತಿಯಲ್ಲಿ ಕೂತ ಪುಟ್ಟ ರಾಡಾರಿಗೆ, ಮೊಬೈಲಿನ ಹೊಟ್ಟೆಯಲ್ಲಿ ಒಂದು ಭಾಗದ ಗದ್ದಲ ಇನ್ನೊಂದಕ್ಕೆ ತಟ್ಟದಿರಲು, ಎಲ್ಲಕ್ಕೂ ಇದರ ಬಂಧುಬಳಗವೇ ಬೇಕು. ಕಣ್ಣಿಗೆ ಕಾಣದ್ದನ್ನು ಕಣ್ಣಿಗೆ ಕಾಣದಂತೆ ನುಂಗುವ ಈ ವ್ಯಾಪಾರವನ್ನು ನಾನು ಇಂದಿಗೂ ಪೂರ್ತಿ ನಂಬಿಲ್ಲ.

ಒಂದು ಸೋಮವಾರ ಮಾಲೀಕರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಕೋಲಾರದ ಕಡೆ ಯಾರೋ ಇದೇ ಸಾಮಾನು ಮಾಡಲು ಶುರುಮಾಡಿದ್ದಾರಂತೆ. ನಮ್ಮ ಕಪ್ಪು ನೀರಿನ ಹದವನ್ನು ಇಲ್ಲಿಯವರೇ ಹೇಳಿಕೊಟ್ಟಿರಬೇಕು, ಶನಿವಾರದೊಳಗೆ ಹೆಸರು ಕೊಡಿ, ಅವನನ್ನು ಕೆಲಸದಿಂದ ತೆಗೆಯುತ್ತೇನೆ ಎಂದರು. ನನಗಂತೂ ಸಂಶಯಪಡುವುದಕ್ಕೇ ಸಂಬಳ ಸಿಕ್ಕಂತಾಯಿತು.

ಟೇಕಲ್‌ನಿಂದ ರೈಲಿನಲ್ಲಿ ಬರುವ ವೆಂಕಟೇಶ ನಮ್ಮಲ್ಲಿ ಮಾಲು ಪರೀಕ್ಷೆ ಮಾಡುವವನು. ಯಾರು ಎಲ್ಲಿದ್ದಾರೆಂದು ಆಗಾಗ ಫೋನು ಮಾಡಿ ಕೇಳುವುದು ನನ್ನ ಪದ್ಧತಿ. ಆ ಸೋಮವಾರ ಹನ್ನೊಂದು ಗಂಟೆಯ ಮೇಲೆ ಆರು ಸಲ, ಮಂಗಳವಾರ ಒಂಬತ್ತು ಸಲ ಮಾಡಿದರೂ ಅವನು ಸಿಗಲಿಲ್ಲ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಳು ಫೋನಿನ ಹೆಂಗಸು. ಕೆಲಸದ ಹೊತ್ತಿನಲ್ಲಿ ವ್ಯಾಪ್ತಿ ಬಿಟ್ಟು ಹೋಗುವವನು ಎಂಥ ಸಾಚಾ? ಮೂರು ಮಕ್ಕಳ ತಂದೆ, ಪಾಪ, ಎಂದು ಒಮ್ಮೆ ಅನ್ನಿಸಿತು. ಆದರೂ ಬುಧವಾರ ಬೆಳಿಗ್ಗೆ ಅವನ ಹೆಸರು ಬರೆದ ಲಕೋಟೆಯನ್ನು ಮಾಲೀಕರ ಮೇಜಿನ ಮೇಲಿಟ್ಟು, ಸಾಕ್ಷಿಯೂ ಇರಲಿ ಎಂದು ಹನ್ನೊಂದಕ್ಕೆ ಅವನ ಹಿಂದೆಯೇ ಹೊರಟೆ.

ಅವನು ಹೋದದ್ದು ನಮ್ಮ ಪರೀಕ್ಷೆಯ ಕೋಣೆಗೇ. ಹೊರಗಿನ ಅಲೆ ಒಳಬರದಂತೆ ಸುತ್ತ ಲೋಹದ ಗೋಡೆ, ಒಳಗಿನದು ತಿರುಗಿ ಪುಟಿಯದಂತೆ ಗೋಡೆಯ ತುಂಬ ನಮ್ಮದೇ ಕಪ್ಪು ಗೋಪುರಗಳು. ಬಾಗಿಲು ಮುಚ್ಚುವ ಮೊದಲು ನಾನೂ ನುಸುಳಿ ಮೂಲೆಯಲ್ಲಿ ನಿಂತೆ. ಸ್ವಲ್ಪ ಹೊತ್ತಿನಲ್ಲಿ ವೆಂಕಟೇಶ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಯಾವುದೋ ಬೇರೆ ಸ್ಪಂಜಿನ ತುಂಡನ್ನು ಮುಂದಿಟ್ಟುಕೊಂಡು ಪುಸ್ತಕದಲ್ಲಿ ಬರೆಯುತ್ತಿದ್ದ. ಸಿಕ್ಕಿಬಿದ್ದೆಯಲ್ಲಪ್ಪ ಎಂದೆ.

"ಗಿರಾಕಿ ಕೊಟ್ಟಿದ್ದು ಸಾರ್, ಆ ಕೋಲಾರದವರ ಮಾಲು. ಮೂರು ದಿನದಿಂದ ಪರೀಕ್ಷೆ ಮಾಡ್ತಿದ್ದೀನಿ. ಅದರ ಹದಾನೇ ಬೇರೆ. ನಮ್ಮದ್ರಲ್ಲಿ ಅರ್ಧಾನೂ ಹೀರಲ್ಲ."

ಕದ್ದವರು ಯಾರೂ ಇಲ್ಲವೆಂದಾಯಿತು. ಆದರೂ ಬಿಡದೆ, ಬರೆಯುವುದಕ್ಕೆ ಇಲ್ಲೇ ಕೂರಬೇಕಿತ್ತೇ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ.

"ಹೊರಗೆ ಕೂತ್ರೆ ನಿಮ್ಮ ಫೋನ್ ಬರ್ತಾನೇ ಇರುತ್ತೆ ಸಾರ್. ಇಲ್ಲಿಗೆ ಬರಲ್ಲ."

ಆಗ ಲಕೋಟೆಯ ನೆನಪಾಯಿತು. ಮಾಲೀಕರ ಕೋಣೆಗೆ ಓಡಿದೆ, ವೆಂಕಟೇಶನೂ ಪುಸ್ತಕ ಹಿಡಿದು ಹಿಂದೆಯೇ ಬಂದ. ಮಾಲೀಕರು ಲಕೋಟೆ ಒಡೆದು ಕೂತಿದ್ದರು. "ಇವನ ಹೆಸರು ಬರೆದಿಟ್ಟು ನೀವೇ ಮಾಯವಾದ್ರಾ? ಎಷ್ಟು ಸಲ ಫೋನ್ ಮಾಡ್ಲಿ? ಎಲ್ಲಿ ಹೋಗಿದ್ರಿ?" ಎಂದರು. ಅವರ ದನಿ ಥೇಟ್ ನನ್ನದೇ. ತನ್ನ ಹೆಸರು ಬರೆದಿಟ್ಟದ್ದು ನಾನೆಂದು ವೆಂಕಟೇಶನಿಗೆ ತಿಳಿದದ್ದೂ ಆಗಲೇ. ಅವನು ಒಂದು ಗಳಿಗೆ ನನ್ನನ್ನು ನೋಡಿದ.

"ನನ್ ಜೊತೆನೇ ಇದ್ರು ಸಾರ್," ಎಂದ. "ಈ ಪರೀಕ್ಷೆ ಮಾಡ್ಸಿದ್ದೇ ಇವರು. ಅದಕ್ಕೆ ನನ್ ಹೆಸರು ಬರೆದಿದ್ದಾರೆ."

ಮಾಲೀಕರು ಪುಸ್ತಕ ನೋಡಿ, ಲಕೋಟೆ ಹರಿದು, ನನಗೇ ಭೇಷ್ ಎಂದರು. ನಾಚಿಕೆಯಿಂದ ನನಗೆ ಅಂದು ಊಟ ಸೇರಲಿಲ್ಲ. ವೆಂಕಟೇಶನ ದೊಡ್ಡ ಮನಸ್ಸಿಗೆ ಕೈ ಮುಗಿಯಬೇಕೆನಿಸಿದ್ದು ನಿಜ. ಆದರೂ ನೀವೇ ಹೇಳಿ, ಮಾಲೀಕರ ಮುಖ ನೋಡಿಕೊಂಡೇ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲವನನ್ನು ಹೇಗೆ ನಂಬುವುದು? ಅವನ ಮೇಲೆ ನನಗೆ ನಿಜವಾದ ಸಂಶಯ ಶುರುವಾದದ್ದೇ ಅಂದಿನಿಂದ.